ಹೊಳೆಯಾಚೆಯ ಕೈ

ಮಸಿನಗುಡಿ
೧೨ ನವೆಂಬರ್ ೧೯೨೬

ಅಕ್ಕನ ಪಾದಗಳಿಗೆ ಹಣೆ ಹಚ್ಚಿ ತಮ್ಮ ಗುರುಸ್ವಾಮಿ ಬರೆಯುವುದು.

ಸಿದ್ದಾಜಮ್ಮನಿಗೆ ಶೀತ, ಮಗುವಿಗೆ ಹಲ್ಲು ಬರುವ ಜ್ವರ, ನನಗೆ ಅಂಗಡಿ. ಇಷ್ಟು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ನೀನು ಗಾಡಿಯವನ ಕೈಲಿ ಕಳಿಸಿದ ಬೆಲ್ಲ ತಲುಪಿತು. ಅಚ್ಚಿನ ತಲೆಯ ಮೇಲೆ ನೀನು ಒತ್ತುವ ಆ ಹುಣಸೆಬೀಜದ ಗುರುತು ನೋಡಿದ ಕೂಡಲೇ ನಮ್ಮ ಹಿತ್ತಿಲ ಆಲೆಮನೆ ಕಣ್ಣಿಗೆ ಬಂತು. ಸಿದ್ದಾಜಮ್ಮ ಅದನ್ನು ನನಗೂ ಸಿಗದ ಹಾಗೆ ಎಲ್ಲಿಯೋ ಇಟ್ಟಿದ್ದಾಳೆ.

ಈಗ ದೊಡ್ಡ ಸುದ್ದಿ ಕೇಳು. ನಮ್ಮ ಕರಡಿಹಳ್ಳ ಯೂನಿಯನ್ ಬೋರ್ಡಿಗೆ ಈ ಸಲ ಪ್ರೆಸಿಡೆಂಟರನ್ನು ಜನರೇ ಆರಿಸಬೇಕಂತೆ! ಇದುವರೆಗೆ ಊಟಿಯಲ್ಲಿ ಕೂತ ದೊರೆಗಳು ಯಾರದೋ ಹೆಸರು ಬರೆದು ಕಳಿಸುತ್ತಿದ್ದರು, ನಾವು ಹಾರ ತೆಗೆದುಕೊಂಡು ಹೋಗುತ್ತಿದ್ದೆವು. ಈಗ ಜನವರಿಯಲ್ಲಿ ತಹಸೀಲ್ದಾರರು ಬಂದು ಸಂತೆಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಂದಾಯ ಕಟ್ಟುವವರೆಲ್ಲ ಸೇರಿ ಕೈ ಎತ್ತಬೇಕು. ಉಪ್ಪು, ಸೀಮೆಎಣ್ಣೆ ಮಾರುವ ನಾನು ಕೈ ಎತ್ತಿದರೆ ಒಬ್ಬ ಮನುಷ್ಯ ದೊಡ್ಡವನಾಗುತ್ತಾನೆ, ಎತ್ತದಿದ್ದರೆ ಇಲ್ಲ. ಮೊನ್ನೆ ಡಂಗುರ ಕೇಳಿದ ಮೇಲೆ ನನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡೆ. ಸಿದ್ದಾಜಮ್ಮ ಮುಳ್ಳು ಚುಚ್ಚಿತೇ ಎಂದು ಕೇಳಿದಳು.

ನಿಂತವರು ಇಬ್ಬರು. ಒಬ್ಬರು ಮರದ ಕಂಟ್ರಾಕ್ಟರ್ ಧರ್ಮಲಿಂಗಂ. ಕೊಯಮತ್ತೂರು ಕಡೆಯವರು, ದೊಡ್ಡ ಗಂಟಲು, ದೊಡ್ಡ ಕೈ. ಕಂಡವರಿಗೆಲ್ಲ ಕಾಫಿ ಕೊಡಿಸುತ್ತಾರೆ. ಇನ್ನೊಬ್ಬರು ಕರಡಿಹಳ್ಳ ಹಟ್ಟಿಯ ಮಲ್ಲ ಗೌಡರು. ಬಡಗರು. ಅಜ್ಜನ ಕಾಲದಲ್ಲಿ ಎಮ್ಮೆಗಳನ್ನು ಹೊಡೆದುಕೊಂಡು ಬೆಟ್ಟ ಇಳಿದು ಇಲ್ಲೇ ನಿಂತ ಮನೆತನ. ನನ್ನ ಅಂಗಡಿಯಲ್ಲೇ ಉಪ್ಪು ಕೊಳ್ಳುತ್ತಾರೆ. ಮಾತು ಬಹಳ ಕಡಿಮೆ. ಉಪ್ಪು ಬೇಕೆಂದು ಕೂಡ ಹೇಳುವುದಿಲ್ಲ, ಚೀಲ ಮುಂದಿಟ್ಟು ನಿಲ್ಲುತ್ತಾರೆ. ಇಂಥವರು ಪ್ರೆಸಿಡೆಂಟ್‌ಗಿರಿಗೆ ನಿಂತದ್ದು ಎಲ್ಲರಿಗೂ ಆಶ್ಚರ್ಯ. ಯಾರು ಕಿವಿಯಲ್ಲಿ ಊದಿ ನಿಲ್ಲಿಸಿದರೋ ಕಾಣೆ.

ನಿನ್ನ ತಮ್ಮ
ಗುರುಸ್ವಾಮಿ


ಬೇಲದಹಳ್ಳಿ, ಗುಂಡ್ಲುಪೇಟೆ ತಾಲ್ಲೂಕು
೨೪ ನವೆಂಬರ್ ೧೯೨೬

ತಮ್ಮ ಗುರುಸ್ವಾಮಿಗೆ ಅಕ್ಕನ ಹಾರೈಕೆ.

ಕಾಗದ ಓದಿ ನಕ್ಕೆ. ನಿನ್ನ ಕೈಯನ್ನು ನೀನೇ ನೋಡಿಕೊಂಡು ಕೂರಬೇಡ, ತಕ್ಕಡಿ ನೋಡು.

ಇಲ್ಲಿ ಕಾಡಂಚಿನ ರಾಗಿಯನ್ನು ಆನೆ ತುಳಿದು ಹೋಯಿತು. ಉಳಿದದ್ದು ನನಗೊಬ್ಬಳಿಗೆ ಸಾಕು. ಕೆಂದ ಹಸು ಈದಿದೆ, ಹೆಣ್ಣುಗರು.

ಹೆಂಗಸರಿಗೂ ಕೈ ಎತ್ತಲು ಉಂಟೇ? ಇನ್ನೊಂದು: ಪ್ರೆಸಿಡೆಂಟರಾದವರು ಹೊಳೆಗೆ ಸೇತುವೆ ಹಾಕಿಸಬಹುದೇ? ರಸ್ತೆಯ ಸೇತುವೆ ಅಲ್ಲ, ಅದು ನಮಗೆ ಬಲು ಸುತ್ತು. ಎಮ್ಮೆಗಳು ದಾಟುವ ಕಡವಿನ ಹತ್ತಿರ. ಸುಮ್ಮನೆ ಕೇಳಿದೆ.

ಅಳಿಯನಿಗೆ ಹಲ್ಲು ಬಂತೇ? ಅವನ ಮುಖ ನಾನು ಇನ್ನೂ ನೋಡಿಲ್ಲ. ಸಿದ್ದಾಜಮ್ಮ ಶುಂಠಿ ಕಷಾಯ ಕುಡಿಯಲಿ.

ಕೆಂಪಾಜಮ್ಮ


ಮಸಿನಗುಡಿ
೯ ಡಿಸೆಂಬರ್ ೧೯೨೬

ಅಕ್ಕನಿಗೆ ನಮಸ್ಕಾರ.

ಹೆಂಗಸರು ಬಂದು ನೋಡಬಹುದು, ಕೈ ಎತ್ತುವ ಹಾಗಿಲ್ಲ. ಸೇತುವೆಯ ವಿಷಯ ನನಗೆ ಗೊತ್ತಿಲ್ಲ. ಭಾವ ಹೋದ ಮೇಲೆ ನೀನು ಹೊಳೆಯ ಹೆಸರೆತ್ತಿದ್ದು ಇದೇ ಮೊದಲು. ಆದರೆ ಅದನ್ನೆಲ್ಲ ಬಿಡು. ಇಲ್ಲಿ ನಡೆದದ್ದು ಕೇಳಿದರೆ ನಿನ್ನ ಒಲೆ ಆರಿದ್ದೂ ತಿಳಿಯುವುದಿಲ್ಲ.

ಮಲ್ಲ ಗೌಡರಿಗೆ ಪರರಾಜ್ಯದ ಜೊತೆ ಗುಟ್ಟಿನ ವ್ಯವಹಾರವಿದೆಯಂತೆ!

ಪರರಾಜ್ಯ ಯಾವುದು ಗೊತ್ತೇ? ನಿಮ್ಮದೇ. ನಿನಗೂ ನನಗೂ ಅದು ತವರು, ಆದರೆ ಸರ್ಕಾರದ ಕಾಗದದಲ್ಲಿ ಮೋಯಾರು ಹೊಳೆಯ ಈಚೆ ಇಂಗ್ಲಿಷರದು, ಆಚೆ ಮೈಸೂರು ಮಹಾರಾಜರದು. ಧರ್ಮಲಿಂಗಂ ಅವರ ಮೇಸ್ತ್ರಿ ಆರುಮುಗಂ, ಬಿದಿರು ನೋಡಲು ಹೊಳೆಯ ಕಡೆ ಹೋಗಿದ್ದವನು, ತನ್ನ ಕಣ್ಣಾರೆ ಕಂಡನಂತೆ. ಅಮಾವಾಸ್ಯೆ ಕಳೆದ ಸೋಮವಾರ ಬೆಳಿಗ್ಗೆ ಮಲ್ಲ ಗೌಡರು ಒಬ್ಬರೇ ನೀರಿಗಿಳಿದು ಆಚೆ ದಡಕ್ಕೆ ಹೋದರು. ಅಲ್ಲಿ ಮತ್ತಿಮರದ ಕೆಳಗೆ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು ಯಾರೋ ನಿಂತಿದ್ದರು. ಮಲ್ಲ ಗೌಡರು ತಲೆಯ ಪಾಗು ತೆಗೆದು ಬಗ್ಗಿದರು. ಆ ಮನುಷ್ಯ ಅವರ ತಲೆಯ ಮೇಲೆ ಕೈ ಇಟ್ಟ. ಆಮೇಲೆ ಗಂಟೊಂದು ಕೈ ಬದಲಾಯಿತು.

ಇದರಲ್ಲೇನು ಅನ್ನುತ್ತೀಯಾ? ಇಲ್ಲಿನ ಬಡಗರ ವಾಡಿಕೆ ನಿನಗೆ ತಿಳಿದಿರಲಾರದು. ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸುತ್ತಾರೆ, ಹಿರಿಯರು ನೆತ್ತಿಯ ಮೇಲೆ ಕೈ ಇಟ್ಟು ಹರಸುತ್ತಾರೆ. ಬಡವ, ಬಲ್ಲಿದ, ಗಂಡು, ಹೆಣ್ಣು, ಮುತ್ತೈದೆ, ವಿಧವೆ ಯಾವುದೂ ನೋಡುವುದಿಲ್ಲ. ಯಾರು ಮೊದಲು ಹುಟ್ಟಿದರೋ ಅವರ ಕೈ ಮೇಲೆ. ಅಂಗಡಿಯ ಮುಂದೆ ದಿನವೂ ಕಾಣುತ್ತೇನೆ, ದಿನವೂ ಬೆರಗಾಗುತ್ತೇನೆ. ಹೊಲವೇ ಇಲ್ಲದ ಮುದುಕಿಯ ಮುಂದೆ ಎಮ್ಮೆಮಂದೆಯ ಯಜಮಾನ ಬಗ್ಗಿ ನಿಂತಿರುತ್ತಾನೆ, ಅವಳು ಏನೂ ವಿಶೇಷವಿಲ್ಲದ ಹಾಗೆ ಕೈ ಇಟ್ಟು ಮುಂದೆ ಹೋಗುತ್ತಾಳೆ.

ಈಗ ಲೆಕ್ಕ ಹಾಕು. ಮಲ್ಲ ಗೌಡರೇ ಹಟ್ಟಿಗೆ ಹಿರಿಯರು. ಅವರಿಗಿಂತ ಮೊದಲು ಹುಟ್ಟಿ ಉಳಿದಿರುವುದು ಚಿನ್ನಿ ಹೆತ್ತೆ ಒಬ್ಬಳೇ. ಹೆತ್ತೆ ಅಂದರೆ ಇವರಲ್ಲಿ ಅಜ್ಜಿ. ಹಾಗಿದ್ದ ಮೇಲೆ ಕಾಡಿನ ಅಂಚಿನಲ್ಲಿ ಅವರು ತಲೆ ಬಗ್ಗಿಸಿದ್ದು ಯಾರಿಗೆ? ವಯಸ್ಸಿನ ಹಿರಿಯರು ಅಲ್ಲಿ ಇರುವುದಕ್ಕೆ ಕಾರಣವಿಲ್ಲ, ಆದ್ದರಿಂದ ಪದವಿಯ ಹಿರಿಯರೇ. ಮೈಸೂರಿನ ಅಮಲ್ದಾರರೆಂದು ಬಡಗರೇ ತೀರ್ಮಾನ ಮಾಡಿದ್ದಾರೆ. ಕಾಫಿ ಕ್ಲಬ್ಬಿನಲ್ಲಿ ಸಂಜೆಯೊಳಗೆ ಅಮಲ್ದಾರರು ಹೋಗಿ ಡೆಪ್ಯುಟಿ ಕಮಿಷನರ್ ಆದರು. ಇವತ್ತು ದಿವಾನರ ಮನುಷ್ಯನೇ ಬಂದಿದ್ದ ಎನ್ನುತ್ತಿದ್ದಾರೆ. ಮಲ್ಲ ಗೌಡರು ಗೆದ್ದರೆ ನಮ್ಮ ತೇಗದ ಕಾಡನ್ನು ಸದ್ದಿಲ್ಲದೆ ಮೈಸೂರಿಗೆ ಸೇರಿಸುತ್ತಾರಂತೆ, ಅದಕ್ಕೆ ಪ್ರತಿಯಾಗಿ ಅರಮನೆಯ ಆನೆ ಒಂದು ಅವರಿಗೆ ಬರುತ್ತದಂತೆ.

ಅಕ್ಕ, ಸುಳ್ಳೋ ನಿಜವೋ, ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಹತ್ತಿರ ಉಪ್ಪು ಕೊಳ್ಳುವ ಮನುಷ್ಯನ ಹಿಂದೆ ಒಂದು ರಾಜ್ಯವೇ ನಿಂತಿದೆ ಎಂದರೆ!

ಗುರುಸ್ವಾಮಿ


ಬೇಲದಹಳ್ಳಿ
೨೦ ಡಿಸೆಂಬರ್ ೧೯೨೬

ಗುರುಸ್ವಾಮಿಗೆ,

ಕರಿಕಂಬಳಿ ಹೊದ್ದವರೆಲ್ಲ ಅಮಲ್ದಾರರಾದರೆ ನಮ್ಮೂರಿನ ಕುರುಬರ ಕೇರಿಯೇ ಒಂದು ಕಚೇರಿ.

ಮಲ್ಲ ಗೌಡರು ಏನು ಹೇಳಿದರು ಎಂದು ನೀನು ಬರೆಯಲೇ ಇಲ್ಲ. ಏನೂ ಹೇಳಿರಲಾರರು. ಅವರ ಮಗಳಿಗೆ ಗಂಡು ಗೊತ್ತಾಗಿತ್ತಲ್ಲ, ಅದು ಏನಾಯಿತು? ಈ ಗಲಾಟೆಯಿಂದ ಅದಕ್ಕೆ ಏನೂ ಅಡ್ಡಿ ಬಾರದಿದ್ದರೆ ಸಾಕು.

ಚಳಿ ಜಾಸ್ತಿಯಾಗಿದೆ. ನೀನು ಕಾಫಿ ಕ್ಲಬ್ಬಿಗೆ ಹೋಗುವುದು ಕಡಿಮೆ ಮಾಡು.

ಕೆಂಪಾಜಮ್ಮ


ಮಸಿನಗುಡಿ
೨ ಜನವರಿ ೧೯೨೭

ಅಕ್ಕನಿಗೆ ನಮಸ್ಕಾರ.

ಮಲ್ಲ ಗೌಡರಿಗೆ ಮಗಳಿರುವುದು ನಿನಗೆ ಹೇಗೆ ಗೊತ್ತು ಎಂದು ಒಂದು ಗಳಿಗೆ ಯೋಚಿಸಿದೆ. ನಾನೇ ಯಾವಾಗಲೋ ಬರೆದಿರಬೇಕು. ಬರೆಯಲು ಕೂತರೆ ಊರಿನ ಕೋಳಿಗಳ ಸುದ್ದಿಯನ್ನೂ ಬಿಡುವವನಲ್ಲ ನಾನು. ಹುಡುಗಿಯ ಹೆಸರು ವಳ್ಳಿ. ಒಳ್ಳೆಯ ಹುಡುಗಿ. ಗಂಡಿನ ಕಡೆಯವರು ಕಲ್ಲಟ್ಟಿಯ ಮೇಲಿನ ಒಂದು ಹಟ್ಟಿಯವರು. ಆ ಹುಡುಗನ ಅಪ್ಪ ರಾಜಾಮಣಿ ಗೌಡರು ಈ ಮಾತು ಕೇಳಿ, ಚುನಾವಣೆ ಮುಗಿಯಲಿ, ಆಮೇಲೆ ದಿನ ನೋಡೋಣ ಎಂದಿದ್ದಾರೆ.

ಧರ್ಮಲಿಂಗಂ ತಹಸೀಲ್ದಾರರಿಗೆ ಅರ್ಜಿ ಹಾಕಿದ್ದಾರೆ. ಕೈ ಎತ್ತುವ ಮೊದಲು ಅದೇ ಮೈದಾನದಲ್ಲಿ ವಿಚಾರಣೆ. ಪರರಾಜ್ಯದವರ ಮಾತು ಕೇಳಿ ನಿಂತದ್ದು ನಿಜವಾದರೆ ಮಲ್ಲ ಗೌಡರ ಹೆಸರು ಹೊಡೆದುಹಾಕುತ್ತಾರೆ. ಹೊಳೆಯಂಚಿನ ಅವರ ಜಮೀನೂ ಉಳಿಯುವುದು ಕಷ್ಟ ಎನ್ನುತ್ತಾರೆ.

ಇಷ್ಟಾದರೂ ಆ ಮನುಷ್ಯ ಬಾಯಿ ಬಿಟ್ಟಿಲ್ಲ, ಅಕ್ಕ. ಹಟ್ಟಿಯ ಜನ ಹೋಗಿ ಕೇಳಿದರು, ಯಾರವರು ಅಂತ. ಎಮ್ಮೆಯ ಮೈ ತಿಕ್ಕುತ್ತಿದ್ದವರು ತಿಕ್ಕುತ್ತಲೇ ಇದ್ದರು. ಅಲ್ಲ ಎನ್ನುವುದಿಲ್ಲ, ಹೌದು ಎನ್ನುವುದಿಲ್ಲ. ನಾನಾಗಿದ್ದರೆ ಊರಿನ ಪ್ರತಿ ಬಾಗಿಲಿಗೂ ಹೋಗಿ ಆಣೆ ಮಾಡುತ್ತಿದ್ದೆ. ಅವರ ಮೌನ ನೋಡಿ ಭಯವೂ ಆಗುತ್ತದೆ, ಕೈ ಮುಗಿಯೋಣ ಎಂದೂ ಅನ್ನಿಸುತ್ತದೆ.

ನನ್ನನ್ನೂ ಸಾಕ್ಷಿಗೆ ಕರೆದಿದ್ದಾರೆ. ಏನು ಹೇಳಬೇಕೆಂದು ಇನ್ನೂ ಯೋಚಿಸಿಲ್ಲ.

ಗುರುಸ್ವಾಮಿ


ಮಸಿನಗುಡಿ
೧೩ ಜನವರಿ ೧೯೨೭
(ಕಾರ್ಡು)

ಅಕ್ಕ, ನಿನ್ನ ಕಾಗದವಿಲ್ಲ. ಕಾಡಿನ ರಸ್ತೆಯಲ್ಲಿ ಆನೆ ನಿಂತು ಟಪಾಲು ತಡವಾಗುತ್ತಿದೆ ಎಂದರು. ವಿಚಾರಣೆ ಇಪ್ಪತ್ತಕ್ಕೆ. ಧರ್ಮಲಿಂಗಂ ಅಂಗಡಿಗೆ ಬಂದಿದ್ದರು. "ನೀವೂ ಮೈಸೂರವರು ಸಾಮಿ, ಸುಮ್ಮನಿದ್ದರೆ ನೀವೂ ಕೂಟದಲ್ಲಿ ಇದ್ದೀರಿ ಅಂತಾರೆ" ಎಂದರು. ಗದರಿಸಲಿಲ್ಲ, ನಗುತ್ತಲೇ ಹೇಳಿದರು. ನಾನು ಸುಳ್ಳು ಹೇಳುವುದಿಲ್ಲ. ಕಂಡದ್ದನ್ನೇ ಹೇಳುತ್ತೇನೆ. ಹೋದ ತಿಂಗಳು ಮಲ್ಲ ಗೌಡರ ಮನೆಗೆ ಉಪ್ಪಿನ ಮೂಟೆ ಮುಟ್ಟಿಸಲು ಹೋದಾಗ ವಳ್ಳಿ ನನಗೆ ನೀರು ಬೆಲ್ಲ ಕೊಟ್ಟಳು. ಅದು ಗುಂಡ್ಲುಪೇಟೆ ಕಡೆಯ ಅಚ್ಚು. ಅಷ್ಟೇ. ನೀನು ಹೆದರಬೇಡ. ಗು.


ಬೇಲದಹಳ್ಳಿ
೧೪ ಜನವರಿ ೧೯೨೭

ಗುರುಸ್ವಾಮಿ,

ನೀನು ಆ ಸೋಮವಾರ ಹೊಳೆಯ ಹತ್ತಿರ ಇದ್ದೆಯಾ? ಇಲ್ಲ. ಹಾಗಾದರೆ ತಹಸೀಲ್ದಾರರು ಕೇಳಿದಾಗ ಇರಲಿಲ್ಲ, ಏನೂ ಗೊತ್ತಿಲ್ಲ ಎಂದು ಹೇಳಿ ಬಂದುಬಿಡು. ಅಷ್ಟು ಹೇಳುವುದಕ್ಕೆ ಹೆಚ್ಚು ಧೈರ್ಯ ಬೇಡ.

ಇದಕ್ಕಿಂತ ಜಾಸ್ತಿ ಬರೆಯಲಾರೆ. ಬರೆಯಬೇಕೆಂದು ಎರಡು ಸಲ ಕೂತೆ, ಎರಡು ಸಲವೂ ಎದ್ದು ಕರುವಿಗೆ ಹುಲ್ಲು ಹಾಕಿ ಬಂದೆ. ಮಾತು ಕೊಟ್ಟಿದ್ದೇನೆ. ನನ್ನ ಮಾತಾಗಿದ್ದರೆ ಮುರಿಯುತ್ತಿದ್ದೆ. ಇದು ಒಂದು ಮಗುವಿನ ಬಾಳು.

ನಾನೇ ಬಂದುಬಿಡೋಣ ಎಂದರೆ ಹೊಳೆಗೆ ಕಾಲಿಡಲು ಆಗುವುದಿಲ್ಲ. ದಡದವರೆಗೆ ಹೋಗುತ್ತೇನೆ, ಮುಂದಕ್ಕೆ ಆಗುವುದಿಲ್ಲ.

ಮಲ್ಲ ಗೌಡರಿಗೆ ಕೆಟ್ಟದ್ದು ಮಾಡಬೇಡ, ನನ್ನಪ್ಪ.

ಕೆಂಪಾಜಮ್ಮ


ಮಸಿನಗುಡಿ
೨೨ ಜನವರಿ ೧೯೨೭

ಅಕ್ಕ,

ನಿನ್ನ ಕಾಗದ ವಿಚಾರಣೆಯ ಮಾರನೆಯ ದಿನ ತಲುಪಿತು. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಏನಾಯಿತೆಂದು ಕ್ರಮವಾಗಿ ಬರೆಯುತ್ತೇನೆ.

ಇಪ್ಪತ್ತನೆಯ ತಾರೀಖು ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಟ್ಟಿಗಳಿಂದ ಬಡಗರು ಬಿಳಿ ಬಟ್ಟೆ ಹೊದ್ದು ಬಂದಿದ್ದರು. ಧರ್ಮಲಿಂಗಂ ಅವರ ಕೂಲಿಯಾಳುಗಳು, ನಮ್ಮ ಕಡೆಯ ಒಕ್ಕಲಿನವರು, ಪಂದಲೂರಿನಿಂದ ಚಹಾ ಚೀಲ ಹೊತ್ತು ಹೋಗುತ್ತಿದ್ದ ಗಾಡಿಯವರು ಕೂಡ ಎತ್ತು ಬಿಚ್ಚಿ ನಿಂತಿದ್ದರು. ಹೆಂಗಸರು ಒಂದು ಬದಿಗೆ. ವಳ್ಳಿಗೆ ಮಾವನಾಗಬೇಕಾದ ರಾಜಾಮಣಿ ಗೌಡರು ಮುಂದಿನ ಸಾಲಿನಲ್ಲೇ ಇದ್ದರು.

ಆರುಮುಗಂ ತಾನು ಕಂಡದ್ದು ಹೇಳಿದ. ಆಮೇಲೆ ನನ್ನ ಸರದಿ. ನಾನು ಬೆಲ್ಲದ ಮಾತು ಹೇಳಿದೆ. ಗುಂಡ್ಲುಪೇಟೆ ಕಡೆಯದು ಎಂದು ಹೇಗೆ ಗೊತ್ತು ಎಂದು ತಹಸೀಲ್ದಾರರು ಕೇಳಿದರು. ಅಚ್ಚಿನ ತಲೆಯ ಮೇಲೆ ಹುಣಸೆಬೀಜದ ಗುರುತಿತ್ತು ಎಂದು ಬಾಯಿಂದ ಬಂತು. ಅದು ನಿನ್ನ ಗುರುತು, ಅಕ್ಕ. ಮಾತು ಬಂತು, ಆದರೆ ಅದರ ಅರ್ಥ ಆಗ ತಲೆಗೆ ಇಳಿಯಲಿಲ್ಲ. ಮಲ್ಲ ಗೌಡರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಮನೆಯ ಮಗು ಹಾಲು ಚೆಲ್ಲಿದಾಗ ನೋಡುತ್ತಾರಲ್ಲ, ಹಾಗೆ ನೋಡಿದರು.

ತಹಸೀಲ್ದಾರರು ಅವರನ್ನು ಕೇಳಿದರು: "ಹೊಳೆ ದಾಟಿ ಹೋದದ್ದು ನಿಜವೇ?"

"ನಿಜ, ದೊರೆ."

"ಆಚೆಯವರಿಗೆ ತಲೆ ಬಗ್ಗಿಸಿದ್ದು?"

"ನಿಜ."

"ಅವರ ಮಾತು ಕೇಳಿ ಈ ಚುನಾವಣೆಗೆ ನಿಂತದ್ದು?"

"ಅದೂ ನಿಜ. ನಿಲ್ಲು ಅಂತ ಹೇಳಿದರು, ನಿಂತೆ."

ಜನ ಹೋ ಎಂದರು. ಧರ್ಮಲಿಂಗಂ ಅವರಿಗೇ ಗಾಬರಿಯಾದಂತೆ ಕಂಡಿತು; ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವರೂ ಎಣಿಸಿರಲಿಲ್ಲ. ಯಾರು ಅವರು ಎಂದು ತಹಸೀಲ್ದಾರರು ಮತ್ತೆ ಮತ್ತೆ ಕೇಳಿದರು. ಮಲ್ಲ ಗೌಡರು ತುಟಿ ಬಿಚ್ಚಲಿಲ್ಲ. ಹೆಸರು ಹೇಳದಿದ್ದರೆ ನಿಮ್ಮ ಹೆಸರು ಹೊಡೆಯಬೇಕಾಗುತ್ತದೆ ಎಂದು ತಹಸೀಲ್ದಾರರು ಪೆನ್ನು ಎತ್ತಿದರು.

ಆಗ ಹೆಂಗಸರ ಕಡೆಯಿಂದ ವಳ್ಳಿ ಎದ್ದು ಬಂದಳು. ಮಲ್ಲ ಗೌಡರು ಬೇಡ ಎಂದು ಕೈ ಮಾಡಿದರು. ಇಡೀ ದಿನದಲ್ಲಿ ಅವರ ಮುಖ ಕೆಟ್ಟದ್ದು ಆವಾಗ ಮಾತ್ರ. ಅವಳು ನಿಲ್ಲಲಿಲ್ಲ.

"ಅಪ್ಪ ಹೇಳುವದಿಲ್ಲೆ, ನಾ ಹೇಳುವೆ" ಎಂದಳು. "ಎನ್ನ ಚಿಕ್ಕಂದು. ಎಮ್ಮೆ ದಾಟಿಸುವಾಗ ಬೆಟ್ಟದ ನೀರು ಒಮ್ಮೆಗೇ ಬಂತು. ಅಪ್ಪನ ಹೆಗಲಿಂದ ಜಾರಿ ಹೋದೆ. ಆಚೆ ದಡದಲ್ಲಿ ದನ ಮೇಯಿಸುವವರು ಒಬ್ಬರು ಹಾರಿದರು. ಎನ್ನ ಎತ್ತಿ ಬಂಡೆ ಮೇಲೆ ಹಾಕಿದರು. ಅವರು ಹತ್ತಲಿಲ್ಲೆ. ಬೇಲದಹಳ್ಳಿ ಚೆನ್ನಯ್ಯ ಅಂತ ಅವರ ಹೆಸರು. ಅಪ್ಪ ತಲೆ ಕೊಡುವದು ಅವರ ಹೆಂಡತಿಗೆ. ಗಂಡಸನ್ನ ನುಂಗಿದ ಹುಡುಗಿ ಅಂತ ಎನ್ನ ಯಾರೂ ಅನ್ನಬಾರದು ಅಂತ ಇಬ್ಬರೂ ಬಾಯಿ ಕಟ್ಟಿಕೊಂಡು ಕೂತರು. ಅಂದರೆ ಅನ್ನಲಿ. ಎನ್ನ ಅಪ್ಪನ್ನ ಕಳ್ಳ ಅನ್ನಬೇಡಿ."

ನನ್ನ ಭಾವ. ಕರು ಹುಡುಕಲು ಹೋಗಿ ಕಾಲು ಜಾರಿ ಹೊಳೆಗೆ ಬಿದ್ದರು ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದ ನನ್ನ ಭಾವ!

ತಹಸೀಲ್ದಾರರು ಮೆಲ್ಲಗೆ ಕೇಳಿದರು, ಆ ಹೆಂಗಸು ನಿಮ್ಮನ್ನು ಯಾಕೆ ನಿಲ್ಲಿಸಿದರು ಎಂದು. ಮಲ್ಲ ಗೌಡರು, "ಆ ಕಡವಿಗೆ ಒಂದು ಸೇತುವೆ ಮಾಡು ಅಂದರು, ದೊರೆ. ಇನ್ನೊಬ್ಬಳ ಗಂಡ ಹೋಗಬಾರದು ಅಂತ. ಸೇತುವೆ ಮಾಡುವವ ಪ್ರೆಸಿಡೆಂಟು ಅಂತ ಯಾರೋ ಹೇಳಿದ್ದನ್ನ ಅವರಿಗೆ ತಿಳಿಸಿದೆ, ಹಾಗಾದರೆ ನಿಲ್ಲು ಅಂದರು, ನಿಂತೆ" ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಅವರು ಈ ಅಂಗಡಿ ಗುರುಸ್ವಾಮಿಯ ಅಕ್ಕ" ಎಂದರು. ಅವರಿಗೆ ಮೊದಲಿನಿಂದ ಗೊತ್ತಿತ್ತು! ನಾನು ಸಾಕ್ಷಿ ಹೇಳುತ್ತೇನೆಂದು ಊರಿಗೆಲ್ಲ ಗೊತ್ತಾದ ಮೇಲೂ ಬಂದು ಚೀಲ ಮುಂದಿಟ್ಟು ಉಪ್ಪು ಕೊಂಡು ಹೋದರು, ಒಂದು ಮಾತು ಆಡಲಿಲ್ಲ. ಇಂಥ ಮನುಷ್ಯರನ್ನು ನಾನು ಕಂಡಿಲ್ಲ, ಅಕ್ಕ. ಇನ್ನು ಕಾಣುತ್ತೇನೆಂಬ ಭರವಸೆಯೂ ಇಲ್ಲ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಇನ್ನು ಮುಂದಿನದಕ್ಕೆ.

ಎಲ್ಲರ ಕಣ್ಣೂ ರಾಜಾಮಣಿ ಗೌಡರ ಮೇಲೆ. ಅವರು ನೆಲ ನೋಡುತ್ತಿದ್ದರು. ವಳ್ಳಿ ಒಬ್ಬಳೇ ನಡುವೆ ನಿಂತಿದ್ದಳು. ಹಿಂದಿನಿಂದ ಯಾರೋ ಗೊಣಗಿದರು, ಮಲ್ಲ ಗೌಡರಿಗಿಂತ ಆ ಹೆಂಗಸು ಚಿಕ್ಕವಳಲ್ಲವೇ, ಕಿರಿಯಳಿಗೆ ಹಿರಿಯ ತಲೆ ಬಗ್ಗಿಸಿದರೆ ವಾಡಿಕೆ ಏನಾಯಿತು ಅಂತ. ಆಗ ಚಿನ್ನಿ ಹೆತ್ತೆ ಕೋಲೂರಿಕೊಂಡು ಎದ್ದಳು. ಅವಳ ಬೆನ್ನು ಬಾಗಿ ಹೋಗಿದೆ, ಮುಖ ಮೇಲೆತ್ತುವುದೇ ಕಷ್ಟ.

"ನಿನ್ನ ಅಕ್ಕನಿಗೆ ಎಷ್ಟು ವಯಸು?" ಎಂದು ನನ್ನನ್ನು ಕೇಳಿದಳು. ನಲವತ್ತು ದಾಟಿರಬೇಕು ಎಂದೆ. "ಸತ್ತವನಿಗೆ?" ಅವಳಿಗಿಂತ ಹತ್ತು ವರ್ಷ ದೊಡ್ಡವರು ಎಂದೆ.

ಹೆತ್ತೆ ತಲೆಯಾಡಿಸಿದಳು. "ಅವನ ವಯಸು ಎಲ್ಲಿ ಹೋಯಿತು? ನೀರಿಗೆ ಹೋಗಲಿಲ್ಲೆ. ಅವಳ ಹತ್ತಿರ ಇದೆ. ಅವನದೂ ಅವಳದೂ ಕೂಡಿಸು. ಎನಗಿಂತ ದೊಡ್ಡವಳು ಅವಳು" ಎಂದಳು. "ಹೊಳೆ ಯಾವ ಕಡೆ?"

ಯಾರೋ ಬಡಗಣ ದಿಕ್ಕು ತೋರಿಸಿದರು. ಆ ಮುದುಕಿ ಕೋಲು ಬಿಟ್ಟು, ನಿಮ್ಮೂರಿನ ಕಡೆ ಮುಖ ಮಾಡಿ, ಮೊದಲೇ ಬಾಗಿದ್ದ ತಲೆಯನ್ನು ಇನ್ನೂ ಬಗ್ಗಿಸಿದಳು.

ಹೆತ್ತೆಯೇ ಬಗ್ಗಿದ ಮೇಲೆ ಅವಳಿಗಿಂತ ಕಿರಿಯರು ನೆಟ್ಟಗೆ ನಿಲ್ಲುವ ಹಾಗಿಲ್ಲ. ಮಲ್ಲ ಗೌಡರು ಪಾಗು ತೆಗೆದರು. ಅವರ ಹಿಂದೆ ಹಟ್ಟಿಯವರೆಲ್ಲ ತೆಗೆದರು. ಧರ್ಮಲಿಂಗಂ ಕಡೆಗೆ ಕೈ ಎತ್ತಲು ಬಂದಿದ್ದ ಬಡಗರೂ ತೆಗೆದರು. ರಾಜಾಮಣಿ ಗೌಡರು ತಲೆ ಬಗ್ಗಿಸಿ, ಎಡಗೈಯಿಂದ ವಳ್ಳಿಯನ್ನು ಹತ್ತಿರಕ್ಕೆ ಎಳೆದುಕೊಂಡು ತಮ್ಮ ಪಕ್ಕದಲ್ಲಿ, ತಮ್ಮ ಮನೆಯವಳ ಹಾಗೆ ನಿಲ್ಲಿಸಿಕೊಂಡರು. ಒಂದು ಮೈದಾನ ತುಂಬ ತಲೆಗಳು, ಕರಿಯವು, ಬಿಳಿಯವು, ಬೋಳಾದವು, ಎಲ್ಲ ಒಂದೇ ಕಡೆಗೆ ಬಗ್ಗಿದ್ದವು. ಎದುರಿಗೆ ಯಾರೂ ಇಲ್ಲ. ಬಿದಿರು ಮೆಳೆ, ಅದರಾಚೆ ಕಾಡು, ಅದರಾಚೆ ಹೊಳೆ, ಅದರಾಚೆ ನೀನು. ತಹಸೀಲ್ದಾರರು ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಎತ್ತುಗಳ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅಕ್ಕ, ಆ ಹೊತ್ತಿನಲ್ಲಿ ನೀನು ಏನು ಮಾಡುತ್ತಿದ್ದೆ? ಬಿಸಿಲು ಇನ್ನೂ ಏರಿರಲಿಲ್ಲ. ನಿನಗೆ ಏನಾದರೂ ತಿಳಿಯಿತೇ? ನನಗೆ ಅದು ತಿಳಿಯಬೇಕು. ನಾನೂ ಬಗ್ಗಿದ್ದೆ. ಹುಟ್ಟಿದಾಗಿನಿಂದ ನಿನ್ನ ಕಾಲಿಗೆ ಬಿದ್ದಿದ್ದೇನೆ, ಆದರೆ ನೀನು ಎಷ್ಟು ದೊಡ್ಡವಳೆಂದು ನನಗೆ ಪರರು ತೋರಿಸಬೇಕಾಯಿತು.

ತಲೆ ಎತ್ತಿದ ಮೇಲೆ ಧರ್ಮಲಿಂಗಂ ತಹಸೀಲ್ದಾರರ ಮುಂದೆ ಬಂದರು. "ಅರ್ಜಿ ವಾಪಸ್ ತಗೊಳ್ತೇನ್ ಸಾರ್. ಆದ್ರೆ ಸೇತುವೆಗೆ ಮರ ಬೇಕಲ್ಲ, ಅದ್ ಯಾರ್ ಕೊಡ್ತಾರ್? ನಾನ್ ಇದ್ದೇನಲ್ಲ!" ಎಂದರು. ಜನ ನಕ್ಕು ಹಗುರಾದರು. ಆಮೇಲೆ ಕೈ ಎತ್ತುವುದು ನಡೆಯಿತು. ಧರ್ಮಲಿಂಗಂ ಅವರೇ ಮಲ್ಲ ಗೌಡರಿಗೆ ಎತ್ತಿದರು. ನನ್ನ ಬಲಗೈಯೂ ಮೇಲಿತ್ತು. ಈ ಸಲ ಅದನ್ನು ನೋಡಿಕೊಳ್ಳಲು ನೆನಪಾಗಲಿಲ್ಲ.

ಇನ್ನೊಂದು ಮಾತು. ಮಗನಿಗೆ ಕಿವಿ ಚುಚ್ಚಿಸಬೇಕು. ಅವನ ತೊಟ್ಟಿಲಿಗೆ ನಿನ್ನನ್ನು ಕರೆದಿರಲಿಲ್ಲ. ಈಗ ಸಿದ್ದಾಜಮ್ಮ ಹೇಳುತ್ತಾಳೆ, ಅತ್ತಿಗೆಯ ಕೈ ಬೀಳದೆ ಮಗುವಿನ ಕಿವಿ ಯಾರೂ ಮುಟ್ಟುವ ಹಾಗಿಲ್ಲ ಅಂತ. ಗಾಡಿ ಕಳಿಸುತ್ತೇನೆ, ರಸ್ತೆಯ ಸೇತುವೆ ಸುತ್ತಿಕೊಂಡು ಬಾ.

ಗುರುಸ್ವಾಮಿ


ಬೇಲದಹಳ್ಳಿ
೪ ಫೆಬ್ರವರಿ ೧೯೨೭

ತಮ್ಮ ಗುರುಸ್ವಾಮಿಗೆ,

ಆ ಹೊತ್ತಿನಲ್ಲಿ ನಾನು ಕೊಟ್ಟಿಗೆಯ ಸಗಣಿ ಬಾಚುತ್ತಿದ್ದೆ. ಏನೂ ತಿಳಿಯಲಿಲ್ಲ. ತಿಳಿಯಿತು ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಏನೂ ತಿಳಿಯಲಿಲ್ಲ. ಕಾಗದ ಓದಿದ ಮೇಲೆ ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತೆ.

ನಿನ್ನ ಭಾವ ಹೋದ ಹದಿನೈದು ದಿನಕ್ಕೆ ಮಲ್ಲ ಗೌಡರು ಮಗುವನ್ನು ಎತ್ತಿಕೊಂಡು ನಮ್ಮ ದಡಕ್ಕೆ ಬಂದರು. ನಡೆದದ್ದು ಹೇಳಿ ತಲೆ ಬಗ್ಗಿಸಿದರು. ನನಗೆ ಏನೆಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಹಿಂದಕ್ಕೆ ಸರಿದೆ. ನನ್ನ ಕೈ ಒಳ್ಳೆಯದಲ್ಲ, ಗೌಡರೇ, ಎಂದೆ. ಅವರು ಏಳಲಿಲ್ಲ. ನಿಂತೇ ಇದ್ದರು. ಕೊನೆಗೆ ಅವರ ಬೆನ್ನು ನೋಯುತ್ತದಲ್ಲ ಎಂದು ಕೈ ಇಟ್ಟೆ. ಅದೇ ಮೊದಲು. ಆಮೇಲೆ ಪ್ರತಿ ತಿಂಗಳೂ ಬಂದರು.

ನಮ್ಮೂರಲ್ಲಿ ಮದುವೆಯಾದರೆ ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತೇನೆ. ಯಾರೂ ಕೆಟ್ಟ ಮಾತಾಡುವುದಿಲ್ಲ, ಎದುರಿಗೆ ಮಾತ್ರ ಬರಬೇಡ ಎನ್ನುತ್ತಾರೆ. ಹಾಗಿರುವಾಗ ಹೊಳೆಯಾಚೆಯಿಂದ ಒಬ್ಬರು ನೀರು ದಾಟಿ ಬಂದು ಈ ಕೈ ಬೇಕು ಎನ್ನುತ್ತಾರೆ. ಅದಕ್ಕಾಗಿಯೇ ಆನೆಕಾಡಿನಲ್ಲಿ ಅಷ್ಟು ದೂರ ನಡೆದು ಹೋಗುತ್ತಿದ್ದೆ. ನಿನಗೆ ಹೇಳಿದ್ದರೆ ಹೋಗಬೇಡ ಎನ್ನುತ್ತಿದ್ದೆ. ಬೆಲ್ಲ ಅವರಿಗೂ ಕೊಟ್ಟೆ, ನಿನಗೂ ಕಳಿಸಿದೆ. ಒಂದೇ ಅಚ್ಚಿನಲ್ಲಿ ಹೊಯ್ದೆ. ಅಷ್ಟು ಜಾಣತನ ನನಗೆ ಸಾಲದೆ ಹೋಯಿತು.

ಧರ್ಮಲಿಂಗಂ ಹೇಳಿದ್ದು ಸುಳ್ಳಲ್ಲ ಎಂದು ಅವರಿಗೆ ಹೇಳು. ಪರರಾಜ್ಯದವರೇ ಮಲ್ಲ ಗೌಡರನ್ನು ನಿಲ್ಲಿಸಿದ್ದು.

ಚಿನ್ನಿ ಹೆತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನ ಭಾವ ಬದುಕಿದ ವರ್ಷಗಳನ್ನು ಅವರು ನನಗೆ ಕೊಟ್ಟರು. ನಿನ್ನ ಭಾವ ಬದುಕದೆ ಬಿಟ್ಟ ವರ್ಷಗಳಿವೆಯಲ್ಲ, ಅವು ವಳ್ಳಿಯವು. ನಾನು ಅವತ್ತೇ ಕೊಟ್ಟಾಗಿದೆ. ಒಂದನ್ನೂ ಉಳಿಸದೆ ಬಾಳಲಿ ಎಂದು ಅವಳಿಗೆ ಹೇಳು. ಮದುವೆಯ ದಿನ ಅವಳ ತಲೆ ಮುಟ್ಟಲು ನಾನೇ ಬರುತ್ತೇನೆ ಎಂದೂ ಹೇಳು.

ಗಾಡಿ ಬೇಡ. ಸುತ್ತಿಕೊಂಡು ಬರುವಷ್ಟು ಪುರುಸೊತ್ತಿಲ್ಲ, ಕರು ಚಿಕ್ಕದು. ಹೊಳೆ ಈಗ ಮೊಣಕಾಲಿಗೆ ಇಳಿದಿದೆ. ಬರುವ ಅಮಾವಾಸ್ಯೆ ಕಳೆದ ಸೋಮವಾರ ಬೆಳಿಗ್ಗೆ ಕಡವಿನಲ್ಲೇ ದಾಟುತ್ತೇನೆ. ಮಲ್ಲ ಗೌಡರು ಮುಂದೆ ನಡೆಯಲಿ, ನಾನು ಅವರ ಹೆಜ್ಜೆ ನೋಡಿಕೊಂಡು ಬರುತ್ತೇನೆ. ನೀನು ಆಚೆ ದಡದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿರು.

ಹೊಳೆಯ ಗಾಳಿ ಚಳಿ, ಅವನ ತಲೆಗೆ ಕುಲಾವಿ ಕಟ್ಟಿರು. ನಾನು ದಡ ಹತ್ತಿದ ಮೇಲೆ ತೆಗೆದರೆ ಸಾಕು.

ನಿನ್ನ ಅಕ್ಕ
ಕೆಂಪಾಜಮ್ಮ